ನಿಂಬೆಹಣ್ಣಿನ ಭಾಷಣ

ಮನುಷ್ಯರ ಬಾಯಿಯಷ್ಟು ಹಟಮಾರಿ ಅಂಗ ಇನ್ನೊಂದಿಲ್ಲ. ‘ಇಲ್ಲಿ ಉಗುಳಬಾರದು’ ಎಂದು ಬರೆದ ಗೋಡೆ ಕಂಡರೆ ಸಾಕು, ಅದಕ್ಕೆ ಅಲ್ಲೇ ಉಗುಳಬೇಕು ಅನ್ನಿಸುತ್ತದೆ. ಅದೇ ಬಾಯಿಯನ್ನು ‘ದಯವಿಟ್ಟು ಈ ಟ್ಯೂಬಿಗೆ ಸ್ವಲ್ಪ ಎಂಜಲು ಬಿಡಿ’ ಎಂದು ಕೈಮುಗಿದು ಕೇಳಿ ನೋಡಿ, ಬೇಸಿಗೆಯ ಕೆರೆಯ ಹಾಗೆ ಒಣಗಿ ಕೂರುತ್ತದೆ. ದಂತ ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಹೊಸ ಪರೀಕ್ಷೆ ಶುರುವಾದ ಮೊದಲ ವಾರ ಎಲ್ಲರಿಗೂ ತಲೆನೋವಾಗಿದ್ದು ಇದೇ.

ಪರೀಕ್ಷೆಯೇನೂ ಕಷ್ಟದ್ದಲ್ಲ. ವಸಡು ಒಳಗೊಳಗೇ ಕೆಡುತ್ತಿದ್ದರೆ ಅಲ್ಲಿನ ಜೀವಕೋಶಗಳು ಒಡೆದು, ಅವುಗಳಲ್ಲಿದ್ದ ಕಿಣ್ವ ಎಂಜಲಿಗೆ ಸೋರುತ್ತದೆ. ಆ ಎಂಜಲಿಗೆ ಒಂದು ದ್ರಾವಣ ಬೆರೆಸಿ ಅರ್ಧ ಗಂಟೆ ಬೆಚ್ಚಗೆ ಇಟ್ಟರೆ ಹಳದಿ ಬಣ್ಣ ಏಳುತ್ತದೆ. ಕಿಣ್ವ ಹೆಚ್ಚಿದ್ದಷ್ಟೂ ಹಳದಿ ಗಾಢ. ಎಷ್ಟು ಗಾಢ ಎಂಬುದನ್ನು ಮೆಷೀನು ಅಂಕಿಯಲ್ಲಿ ಹೇಳುತ್ತದೆ. ಮೇಲಿನ ಮಹಡಿಯ ದಂತವೈದ್ಯರು ಕನ್ನಡಿ, ಕೊಕ್ಕೆ ಹಿಡಿದು ಬಾಯೊಳಗೆಲ್ಲ ತಡಕಾಡುವ ಮೊದಲೇ ಕೆಳಗಿನ ಟ್ಯೂಬು ಗುಟ್ಟು ರಟ್ಟು ಮಾಡಬೇಕು ಎಂಬುದು ಲ್ಯಾಬಿನ ಮುಖ್ಯಸ್ಥೆ ಮೇಡಂ ಅವರ ಆಸೆ. ಇದು ನಂಬುವಂಥ ಪರೀಕ್ಷೆಯೇ ಎಂದು ನೋಡಲು ಎಂಬತ್ತು ಜನರನ್ನು ಆರಿಸಿದ್ದರು. ಯಾರ ವಸಡು ಕೆಟ್ಟಿದೆ, ಯಾರದು ಗಟ್ಟಿಯಾಗಿದೆ ಎಂದು ಮೇಲಿನವರು ಮೊದಲೇ ಬರೆದಿಟ್ಟಿದ್ದರು. ಕೆಳಗಿನವರಿಗೆ ಅದು ಗೊತ್ತಿಲ್ಲ. ಅವರ ಪಾಲಿಗೆ ಟ್ಯೂಬಿನ ಮೇಲಿನ ನಂಬರು ಮಾತ್ರ.

ಎಂಜಲು ತೆಗೆಯುವವರು ಇಬ್ಬರು. ಸೋಮವಾರ, ಬುಧವಾರ, ಶುಕ್ರವಾರ ರೇಡಿಯೋ ಅಕ್ಕ. ಮಿಕ್ಕ ಮೂರು ದಿನ ಮೌನಿ. ಈ ಹೆಸರುಗಳನ್ನು ಲ್ಯಾಬಿನವರೇ ಇಟ್ಟದ್ದು. ಯಾಕಿಟ್ಟರು ಎಂದು ಹೊಸದಾಗಿ ಸೇರಿದವರೂ ಕೇಳಿದ್ದಿಲ್ಲ. ಮೌನಿ ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, “ತಲೆ ಬಗ್ಗಿಸಿ. ಬಾಯಿ ತೆರೀರಿ. ಸುಮ್ನೆ ಬಿಡಿ” ಎಂದು ಮೂರೇ ಮಾತಾಡಿ ಕಿಟಕಿ ನೋಡುತ್ತ ನಿಲ್ಲುತ್ತಿದ್ದ. ಬಂದವರು ಕತ್ತು ಬಗ್ಗಿಸಿ, ಟ್ಯೂಬಿನ ಬಾಯಿಗೆ ಬಾಯಿ ಹಿಡಿದು, ತೊಟ್ಟಿಕ್ಕುವುದನ್ನೇ ಕಾಯುತ್ತ ಹತ್ತು ಹನ್ನೆರಡು ನಿಮಿಷ ತಪಸ್ಸು ಮಾಡುತ್ತಿದ್ದರು.

ಅಕ್ಕನಿಗೆ ಅಂಥ ಮೌನ ಆಗಿಬರುವುದಿಲ್ಲ. ಮೊದಲ ದಿನ ಬಂದ ಬಸ್ ಡ್ರೈವರು ಐದು ನಿಮಿಷ ಒದ್ದಾಡಿ, “ಬರ್ತಾನೇ ಇಲ್ಲ ಅಕ್ಕಾ” ಎಂದು ಅಳುಮುಖ ಮಾಡಿದಾಗ ಆಕೆಗೆ ಕನಿಕರ ಉಕ್ಕಿಬಂತು. ಅವತ್ತು ಬಾಯಿಗೆ ಬಂದದ್ದೇ ಮುಂದೆ ಆಕೆಯ ಪ್ರಸಿದ್ಧ ಭಾಷಣವಾಯಿತು.

“ಕಣ್ಮುಚ್ಕೊಳ್ಳಿ. ಒಂದು ನಿಂಬೆಹಣ್ಣು ಅಂದ್ಕೊಳ್ಳಿ. ಸಿಪ್ಪೆ ತೆಳ್ಳಗಿದೆ, ಒತ್ತಿದ್ರೆ ಮೆತ್ತಗಿದೆ. ಚಾಕು ಇಟ್ಟ ತಕ್ಷಣ ರಸ ಚಿರ್ ಅಂತ ಕೈಮೇಲೆಲ್ಲ ಹಾರ್ತು. ಈಗ ಅರ್ಧ ಹೋಳು ತಗೊಂಡು ಮೇಲೆ ಉಪ್ಪು ಸವರಿ, ಒಂದು ಚಿಟಿಕೆ ಖಾರದ ಪುಡಿ. ನಾಲಿಗೆ ಚಾಚಿ. ತುದಿಗೆ ಇಡ್ತಾ ಇದೀನಿ. ಇನ್ನೂ ಹಿಂಡಿಲ್ಲ. ಈಗ ಹಿಂಡ್ತೀನಿ.”

ಹಿಂಡುವಷ್ಟರಲ್ಲಿ ಟ್ಯೂಬು ತುಂಬಿರುತ್ತಿತ್ತು. ನಿಂಬೆಹಣ್ಣಿಗೆ ಜಗ್ಗದವರಿಗೆ ಆಗತಾನೇ ಕೊಯ್ದ ಮಾವಿನಕಾಯಿಯ ಎರಡನೇ ಅಧ್ಯಾಯವೂ ಇತ್ತು, ಆದರೆ ಅಲ್ಲಿಯವರೆಗೆ ತಡೆದುಕೊಂಡ ಗಟ್ಟಿಗರು ಇಬ್ಬರೋ ಮೂವರೋ. ಬಾಯಿ ಇದ್ದವರು ಬರಗಾಲದಲ್ಲೂ ಬದುಕುತ್ತಾರೆ ಎನ್ನುತ್ತಾರಲ್ಲ, ಅಕ್ಕ ಬರಗಾಲದ ಬಾಯಲ್ಲೂ ನೀರು ತರಿಸಿದಳು ಎಂದು ಲ್ಯಾಬಿನಲ್ಲಿ ಹೊಗಳಿದ್ದೇ ಹೊಗಳಿದ್ದು. ಆಕೆಯೂ ಉಬ್ಬಿದಳು ಎನ್ನುವುದನ್ನು ಮುಚ್ಚಿಡುವುದು ಬೇಡ.

ಊರವರ ಬಾಯಿ ಹೀಗೆ ಕೈವಶವಾದರೂ ಸ್ವಂತ ಮನೆಯ ಒಂದು ಬಾಯಿ ಮಾತ್ರ ಆಕೆಯ ಮಾತಿಗೆ ಬಗ್ಗುತ್ತಿರಲಿಲ್ಲ. ಅದು ಮಾವನದು. ಹಿತ್ತಲ ಗಿಡ ಮದ್ದಲ್ಲ ಎಂಬುದು ಸೊಸೆಯರಿಗಂತೂ ನೂರಕ್ಕೆ ನೂರು ನಿಜ.

ಮಾವ ನಲವತ್ತು ವರ್ಷ ಅಂಗಡಿ ಅಂಗಡಿ ತಿರುಗಿ ತಕ್ಕಡಿ ರಿಪೇರಿ ಮಾಡಿದವರು. ಅವರಿಗೆ ಜೀವನದಲ್ಲಿ ನಂಬಿಕೆ ಇದ್ದದ್ದು ಎರಡರ ಮೇಲೆ, ತಕ್ಕಡಿಯ ಮುಳ್ಳು ಮತ್ತು ತಮ್ಮ ಕ್ಲಾರಿನೆಟ್. ಭಾನುವಾರ ಸಂಜೆ ಪಾರ್ಕಿನಲ್ಲಿ ನುಡಿಸುವ ಬ್ಯಾಂಡಿನಲ್ಲಿ ಅವರದು ಮೂವತ್ತೈದು ವರ್ಷದ ಕುರ್ಚಿ. ಕ್ಲಾರಿನೆಟ್ ನುಡಿಸಬೇಕಾದರೆ ಮೇಲಿನ ಎರಡು ಮುಂಬಲ್ಲು ಅದರ ಮೂತಿಯ ಮೇಲೆ ಗಟ್ಟಿಯಾಗಿ ಊರಬೇಕು. ಹಲ್ಲು ಅಲ್ಲಾಡಿದರೆ ಸ್ವರ ಅಲ್ಲಾಡುತ್ತದೆ, ಹಲ್ಲು ಹೋದರೆ ಕುರ್ಚಿಯೇ ಹೋಗುತ್ತದೆ. ಹಾಗಿರುವಾಗ ಒಂದು ವರ್ಷದಿಂದ ಮಾವ ಹಲ್ಲುಜ್ಜಿದ ಮೇಲೆ ಸಿಂಕು ಕೆಂಪಗಿರುತ್ತಿತ್ತು. ಅತ್ತೆ ಅದನ್ನು ತೊಳೆದು ತೊಳೆದು ಸಾಕಾಗಿ ಸೊಸೆಗೆ ದೂರು ಕೊಟ್ಟರು.

“ಬ್ರಷ್ ಗಟ್ಟಿ” ಎಂದರು ಮಾವ. ಮೆತ್ತನೆಯ ಬ್ರಷ್ ತಂದುಕೊಟ್ಟಾಗ, “ಪೇಸ್ಟ್ ಸರಿ ಇಲ್ಲ” ಎಂದರು.

“ಒಂದ್ಸಲ ನಮ್ಮ ಡಾಕ್ಟ್ರಿಗೆ ತೋರ್ಸೋಣ ಮಾವ. ವಸಡು ಕೆಟ್ರೆ ಹಲ್ಲು ಗಟ್ಟಿ ಇದ್ರೂ ಉದುರುತ್ತೆ.”

“ಹಲ್ಲಿನ ಡಾಕ್ಟ್ರ ಕೈಲಿ ಇಕ್ಕಳ ಇರುತ್ತೆ ಕಣಮ್ಮ. ಇಕ್ಕಳ ಹಿಡಿದವನು ಕೀಳದೆ ಸುಮ್ನಿರ್ತಾನಾ? ಕೆಟ್ಟಿದೆ ಅಂತಾನೇ ಹೇಳೋದು.” ಆಮೇಲೆ ಅವರೇ ಒಂದು ರಾಜಿಸೂತ್ರ ಮುಂದಿಟ್ಟರು. “ನಿನ್ನ ಲ್ಯಾಬಲ್ಲಿ ಅದೇನೋ ಮೆಷೀನು ಬಂದಿದೆ ಅಂದ್ಯಲ್ಲ, ಅದು ಹೇಳ್ಲಿ. ಮುಳ್ಳು ಸುಳ್ಳು ಹೇಳಲ್ಲ. ಅದು ಕೆಟ್ಟಿದೆ ಅಂದ್ರೆ ಅವತ್ತೇ ಮೆಟ್ಲು ಹತ್ತಿ ಡಾಕ್ಟ್ರ ಕುರ್ಚೀಲಿ ಕೂರ್ತೀನಿ. ಇಲ್ಲ ಅಂದ್ರೆ ಈ ಮನೇಲಿ ಇನ್ಮೇಲೆ ಯಾರೂ ನನ್ನ ಹಲ್ಲಿನ ಸುದ್ದಿ ಎತ್ತಕೂಡದು.”

ಅಕ್ಕ ಗೆದ್ದೆನೆಂದುಕೊಂಡಳು. ಮೇಡಂ ಒಪ್ಪಿಗೆ ಪಡೆದು, ಎಂಬತ್ತರ ಲೆಕ್ಕಕ್ಕೆ ಸೇರಿಸದೆ, ಒಂದು ಬುಧವಾರ ಮಾವನನ್ನು ಕರೆತಂದು ಸ್ಟೂಲಿನ ಮೇಲೆ ಕೂರಿಸಿದಳು. ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದಿದ್ದ ಮಾವನ ಬಾಯಿ ಎಲ್ಲರ ಬಾಯಿಯಂತೆ ಒಣಗಿತ್ತು. ಅಕ್ಕ ಎಂದಿನಂತೆ ಭಾಷಣ ಶುರು ಮಾಡಿದಳು. ಎರಡು ನಿಮಿಷ ತುಂಬುವ ಮೊದಲೇ ಟ್ಯೂಬು ತುಂಬಿತು. ಮಧ್ಯಾಹ್ನ ಮೆಷೀನು ಅಂಕಿ ಕೊಟ್ಟಿತು. ನೀರಿಗೆ ಹಳದಿಯ ನೆರಳು ಬಿದ್ದಂತಿದ್ದ ಪೇಲವ ಬಣ್ಣ. ಕಾಗದದ ಪ್ರಕಾರ ಮಾವನ ವಸಡು ಹದಿನೆಂಟರ ಹುಡುಗನದು.

ಮಾವ ಆ ಕಾಗದವನ್ನು ಮನೆಗೆ ಒಯ್ದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಅತ್ತೆ ಹಾಲು ತೆಗೆಯಲು ಹೋದಾಗಲೆಲ್ಲ, “ಓದ್ಕೋ, ಓದ್ಕೋ” ಎನ್ನುತ್ತಿದ್ದರು. ಅಕ್ಕ ಸಿಂಕಿನ ಕೆಂಪು ನೋಡಿದಳು, ಫ್ರಿಜ್ಜಿನ ಕಾಗದ ನೋಡಿದಳು. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿತ್ತು. ಯಾವುದೆಂದು ಕೇಳೋಣವೆಂದರೆ ಹಲ್ಲಿನ ಸುದ್ದಿ ಎತ್ತಬಾರದೆಂದು ಮಾತು ಕೊಟ್ಟಾಗಿತ್ತು.

ಮುಂದಿನ ಶುಕ್ರವಾರ ಮೇಡಂ ಇಬ್ಬರನ್ನೂ ತಮ್ಮ ಕೋಣೆಗೆ ಕರೆದರು. ಎಂಬತ್ತು ಜನರ ಪಟ್ಟಿ ಪೂರ್ತಿಯಾಗಿತ್ತು. ಮೇಲಿನವರ ಬರಹದೊಡನೆ ತಾಳೆ ನೋಡಿದ್ದೂ ಆಗಿತ್ತು. ಮೇಡಂ ಕನ್ನಡಕವನ್ನು ಹಣೆಗೇರಿಸಿ ಅಕ್ಕನ ಕಡೆ ತಿರುಗಿದರು.

“ಮೌನಿ ತೆಗೆದ ನಲವತ್ತರಲ್ಲಿ ಕೆಟ್ಟ ವಸಡು ಒಂದು ಕಡೆ, ಒಳ್ಳೇ ವಸಡು ಒಂದು ಕಡೆ, ಗೆರೆ ಎಳೆದ ಹಾಗೆ ಬೇರೆ ಆಗಿವೆ. ನೀವು ತೆಗೆದ ನಲವತ್ತರಲ್ಲಿ ಮೆಷೀನಿನ ಪ್ರಕಾರ ಕಾಯಿಲೆಯವರೇ ಇಲ್ಲ. ಸೋಮವಾರ, ಬುಧವಾರ, ಶುಕ್ರವಾರ ಈ ಲ್ಯಾಬಿಗೆ ಬಂದೋರೆಲ್ಲ ಆರೋಗ್ಯವಂತರು. ಡಾಕ್ಟ್ರ ಕೈಗುಣ ಕೇಳಿದ್ದೆ, ಟ್ಯೂಬ್ ಹಿಡಿದೋರ ಕೈಗುಣ ಇದೇ ಮೊದಲು ನೋಡ್ತಾ ಇರೋದು.”

ಮೌನಿ ನಗು ತಡೆಯಲು ಕೆಮ್ಮಿದ. ಅಕ್ಕನಿಗೆ ನಗು ಬರಲಿಲ್ಲ.

“ಹೀಗೇ ಇದ್ರೆ ಪರೀಕ್ಷೆ ಕೈಬಿಡ್ಬೇಕಾಗುತ್ತೆ” ಎಂದರು ಮೇಡಂ, ಈಗ ತಮಾಷೆ ಬಿಟ್ಟು. “ವಾರಕ್ಕೆ ಮೂರು ದಿನ ನಿಜ ಹೇಳಿ ಮೂರು ದಿನ ಸುಳ್ಳು ಹೇಳೋ ಪರೀಕ್ಷೆ ಯಾರಿಗೆ ಬೇಕು?”

ಅವತ್ತು ಬೆಳಗ್ಗೆಯೆಲ್ಲ ಅಕ್ಕ ತಪ್ಪು ಹುಡುಕಿದಳು. ಐಸ್ ಪೆಟ್ಟಿಗೆ ನೋಡಿದಳು, ದ್ರಾವಣದ ತಾರೀಕು ನೋಡಿದಳು, ಅಳತೆಯ ಪಿಪೆಟ್ಟಿನಲ್ಲಿ ನೀರು ತೆಗೆದು ಹತ್ತು ಸಲ ತೂಗಿದಳು. ಎಲ್ಲವೂ ಸರಿ. ಊಟದ ಹೊತ್ತಿಗೆ ಮೌನಿ ಪಕ್ಕಕ್ಕೆ ಬಂದು ನಿಂತ. ಅವನು ತಾನಾಗಿ ಮಾತಾಡಿದ್ದನ್ನು ಆ ವರ್ಷ ಯಾರೂ ಕಂಡಿರಲಿಲ್ಲ.

“ಅಕ್ಕ, ನನ್ನ ಟ್ಯೂಬು ತುಂಬೋಕೆ ಹತ್ತು ನಿಮಿಷ. ನಿಮ್ದು ಎರಡೇ ನಿಮಿಷ.”

“ಅದು ನನ್ನ ಜಾಣತನ ಕಣಪ್ಪ.”

“ಅದೇ” ಎಂದ ಮೌನಿ.

ಇಬ್ಬರೂ ಮೇಡಂ ಹತ್ತಿರ ಹೋದರು. ನೀವು ಏನು ಮಾಡುತ್ತೀರೋ ಇಲ್ಲೇ ಮಾಡಿ ತೋರಿಸಿ ಎಂದರು ಮೇಡಂ. ಅಕ್ಕ ಕಣ್ಮುಚ್ಚಿ ನಿಂಬೆಹಣ್ಣು ಹೆಚ್ಚಿದಳು, ಉಪ್ಪು ಸವರಿದಳು, ಖಾರ ಉದುರಿಸಿದಳು, ಹಿಂಡಿದಳು. ಕಣ್ಣು ತೆರೆದು ನೋಡಿದರೆ ಮೌನಿಯ ಗಂಟಲು ಗುಟುಕ್ಕೆಂದಿತು. ಮೇಡಂ ಕರವಸ್ತ್ರದಿಂದ ತುಟಿ ಒರೆಸಿಕೊಳ್ಳುತ್ತಿದ್ದರು.

“ಸೂಚನೆ ಹಾಳೇಲಿ ಏನಂತ ಬರೆದಿದೆ?” ಎಂದು ಮೇಡಂ ಕೇಳಿದರು.

“ಎಂಜಲನ್ನು ಯಾವುದೇ ಪ್ರಚೋದನೆ ಇಲ್ಲದೆ ಸಂಗ್ರಹಿಸಬೇಕು ಅಂತ. ನಾನು ಯಾರನ್ನೂ ಪ್ರಚೋದಿಸಿಲ್ಲ ಮೇಡಂ. ಗದರಿಲ್ಲ, ಬಲವಂತ ಮಾಡಿಲ್ಲ. ಜಗಿಯೋಕೆ ಏನೂ ಕೊಟ್ಟಿಲ್ಲ. ನಿಂಬೆಹಣ್ಣಿನ ಹೆಸರು ಹೇಳಿದ್ದು ಅಷ್ಟೇ.”

ಮೇಡಂ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ನಗು ನಿಂತ ಮೇಲೆ ಹೇಳಿದರು: “ಅಮ್ಮಾ, ಪೇಪರಲ್ಲಿ ಓದ್ತೀವಲ್ಲ ಪ್ರಚೋದನಕಾರಿ ಭಾಷಣ ಅಂತ, ಅದನ್ನ ನಮ್ಮ ಲ್ಯಾಬಲ್ಲೇ ವಾರಕ್ಕೆ ಮೂರು ದಿನ ಮಾಡಿದೀರ. ತಾನಾಗಿ ಊರೋ ಎಂಜಲೇ ಬೇರೆ, ಹುಳಿ ನೆನೆಸ್ಕೊಂಡಾಗ ನುಗ್ಗೋ ನೀರೇ ಬೇರೆ. ಕಿಣ್ವ ಅಷ್ಟೇ ಇರುತ್ತೆ, ನೀರು ನಾಲ್ಕು ಪಟ್ಟು. ಹಾಲಿಗೆ ನೀರು ಬೆರೆಸಿದ ಹಾಗೆ.”

ಬಾಯಲ್ಲಿ ನೀರೂರಿಸುವುದು ಎಂದು ಅಕ್ಕ ದಿನಾ ಹೇಳುತ್ತಿದ್ದಳು. ಆ ನೀರು ನಿಜವಾಗಿಯೂ ನೀರೇ ಎಂದು ಆಕೆಗೆ ಒಮ್ಮೆಯೂ ಹೊಳೆದಿರಲಿಲ್ಲ. ಅಕ್ಕನಿಗೆ ನಾಚಿಕೆಯಾಯಿತು. ಮೂರು ತಿಂಗಳು ಹೊಗಳಿಸಿಕೊಂಡ ಜಾಣತನವೇ ಕೆಲಸ ಕೆಡಿಸಿತ್ತು. ನಾಚಿಕೆಯ ಬೆನ್ನಿಗೇ ಫ್ರಿಜ್ಜಿನ ಮೇಲಿನ ಕಾಗದ ನೆನಪಾಯಿತು. ಮಾವನ ವಸಡಿಗೆ ಸುಳ್ಳು ಸರ್ಟಿಫಿಕೇಟು ಕೊಟ್ಟವಳು ತಾನೇ. ಅದನ್ನು ನಂಬಿ ಅವರು ಸುಮ್ಮನೆ ಕೂತರೆ ಮುಂಬಲ್ಲು ಇನ್ನೆಷ್ಟು ದಿನ ಉಳಿದೀತು?

“ನನ್ನ ನಲವತ್ತನ್ನೂ ಮತ್ತೆ ತೆಗೀತೀನಿ ಮೇಡಂ. ನಾನು ಕೆಡ್ಸಿದ್ದು, ನಾನೇ ಸರಿ ಮಾಡ್ತೀನಿ.”

“ಬಾಯಿ ಮುಚ್ಕೊಂಡು ತೆಗೆಯೋಕೆ ಆಗುತ್ತಾ ನಿಮಗೆ?”

“ಆಗಲ್ಲ. ಆದ್ರೂ ತೆಗೀತೀನಿ.”

ಸಂಜೆ ಮನೆಗೆ ಬಂದಾಗ ಮಾವ ಬಾಲ್ಕನಿಯಲ್ಲಿ ಕ್ಲಾರಿನೆಟ್ಟಿನ ತುಂಡುಗಳನ್ನು ಬಿಚ್ಚಿ ಬಟ್ಟೆಯಿಂದ ಒರೆಸುತ್ತಿದ್ದರು. ಅಕ್ಕ ಚಪ್ಪಲಿಯನ್ನೂ ಬಿಡದೆ ಎದುರು ನಿಂತಳು.

“ಮಾವ, ಆ ಕಾಗದ ತಪ್ಪು. ಇನ್ನೊಂದ್ಸಲ ಪರೀಕ್ಷೆ ಮಾಡ್ಬೇಕು.”

“ಸೋತ ಮೇಲೆ ಆಟದ ನಿಯಮ ಬದಲಾಯಿಸ್ತೀಯೇನಮ್ಮ?” ಎಂದರು ಮಾವ, ತಲೆ ಎತ್ತದೆ. “ಮೆಷೀನು ಹೇಳಿ ಆಯ್ತು.”

ಅಕ್ಕ ದಾರಿಯುದ್ದಕ್ಕೂ ವಿಜ್ಞಾನದ ವಿವರಣೆ ಕಟ್ಟಿಕೊಂಡು ಬಂದಿದ್ದಳು. ಅದನ್ನೆಲ್ಲ ಬಿಟ್ಟು ಮಾವನ ಎದುರಿನ ‘ಮೋಡ’ದ ಮೇಲೆ ಕೂತಳು. ಮೋಡವೆಂದರೆ ಅತ್ತೆ ಬೂದು ಬಟ್ಟೆಯಲ್ಲಿ ಹೊಲಿದ ದಪ್ಪ ದಿಂಬು, ಮನೆಯಲ್ಲಿ ಅದಕ್ಕೆ ಅದೇ ಹೆಸರು.

“ತೂಕ ಮಾಡೋವಾಗ ಅಂಗಡಿಯವನು ತಟ್ಟೆ ಮೇಲೆ ಬೆರಳಿಟ್ರೆ ಮುಳ್ಳು ಏನು ತೋರ್ಸುತ್ತೆ ಮಾವ?”

“ಬೆರಳಿನ ತೂಕಾನೂ ಸೇರ್ಸಿ ತೋರ್ಸುತ್ತೆ.”

“ಅದು ಮುಳ್ಳಿನ ತಪ್ಪಾ?”

“ಮುಳ್ಳಿಂದ್ಯಾಕೆ? ಬೆರಳಿಟ್ಟವನದು. ಅಂಥ ಬೆರಳು ಎಷ್ಟು ಹಿಡಿದಿದೀನಿ ನಾನು, ನಿಂಗೇನು ಗೊತ್ತು.”

“ಹಾಗಾದ್ರೆ ಇದನ್ನೂ ಹಿಡೀರಿ” ಎಂದು ಅಕ್ಕ ಬಲಗೈ ತೋರುಬೆರಳು ಮುಂದೆ ಚಾಚಿದಳು. ನಿಂಬೆಹಣ್ಣಿನ ಕತೆಯನ್ನು ಒಂದೂ ಬಿಡದೆ ಹೇಳಿದಳು. ಮೇಡಂ ನಕ್ಕದ್ದನ್ನೂ, ನಲವತ್ತು ಟ್ಯೂಬು ಹಾಳಾದದ್ದನ್ನೂ ಹೇಳಿದಳು. ಮಾವ ಒರೆಸುವ ಬಟ್ಟೆಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಕೇಳಿದರು.

“ಬೇಕೂಂತ ಇಟ್ಟ ಬೆರಳಲ್ಲ ತಾನೇ?”

“ಅಲ್ಲ ಮಾವ. ನಾಲಿಗೆ ಸುಮ್ನಿರ್ಲಿಲ್ಲ.”

“ನಿನ್ನ ನಾಲಿಗೆ ಯಾವತ್ತು ಸುಮ್ನಿತ್ತು?” ಎಂದರು ಮಾವ. ಕ್ಲಾರಿನೆಟ್ಟಿನ ತುಂಡುಗಳನ್ನು ಒಂದೊಂದಾಗಿ ಮತ್ತೆ ಜೋಡಿಸಿದರು. ಕೊನೆಗೆ, “ತಕ್ಕಡಿ ಸುಳ್ಳು ತೂಗಿದೆ ಅಂತ ಗೊತ್ತಾದ ಮೇಲೆ ಇನ್ನೊಂದ್ಸಲ ತೂಗದೆ ಇರೋದು ನನ್ನ ಕಸುಬಿಗೆ ಅವಮಾನ. ಸೋಮವಾರ ಬರ್ತೀನಿ” ಎಂದರು.

ಸೋಮವಾರ ಮಾವ ಸ್ಟೂಲಿನ ಮೇಲೆ ಕೂತರು. ಅಕ್ಕ ಒಂದರ ಮೇಲೊಂದು ಎರಡು ಮಾಸ್ಕ್ ಹಾಕಿಕೊಂಡು ಬಂದಳು. ಟ್ಯೂಬು ಕೊಟ್ಟು, ಕೈಸನ್ನೆಯಲ್ಲೇ ತಲೆ ಬಗ್ಗಿಸಲು ಹೇಳಿ, ಗೋಡೆಗೆ ಒರಗಿ ನಿಂತಳು. ಮೊದಲ ನಿಮಿಷ ಹೇಗೋ ಕಳೆಯಿತು. ಎರಡನೇ ನಿಮಿಷಕ್ಕೆ ಆಕೆಗೆ ಹವೆಯ ಬಗ್ಗೆ ಹೇಳಬೇಕು ಅನ್ನಿಸಿತು. ನಾಲ್ಕನೇ ನಿಮಿಷಕ್ಕೆ ಮಾವನ ಅಂಗಿಯ ಗುಂಡಿ ಸಡಿಲವಾಗಿರುವುದು ಕಂಡು ನಾಲಿಗೆ ತುರಿಸಿತು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಇವರ ಎದುರು ಇಷ್ಟು ಹೊತ್ತು ಸುಮ್ಮನಿದ್ದದ್ದು ಇದೇ ಮೊದಲು. ಮಾತಿಲ್ಲದಿದ್ದಾಗ ಕಣ್ಣಿಗೆ ಕೆಲಸ ಬರುತ್ತದೆ. ಮಾವನ ಕತ್ತು ಸಣ್ಣಗಾಗಿರುವುದು, ಟ್ಯೂಬನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿರುವುದು ಆಕೆ ಅವತ್ತೇ ನೋಡಿದ್ದು. ಅವರಿಗೆ ಹೆದರಿಕೆಯಾಗಿತ್ತು. ಟ್ಯೂಬಿನ ಗೆರೆ ಮುಟ್ಟಲು ಹನ್ನೊಂದು ನಿಮಿಷ ಬೇಕಾಯಿತು.

ಬಣ್ಣ ಏಳುವುದನ್ನು ತಾವೇ ನೋಡಬೇಕೆಂದು ಮಾವ ಹಟ ಹಿಡಿದರು. ಸಾಲು ಸಾಲು ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಅವರದನ್ನು ಒಂದು ಮೂಲೆಗೆ ಹಾಕಿ, ಪಕ್ಕದಲ್ಲಿ ಮೌನಿಯ ಎಂಜಲನ್ನೂ ಹಾಕಿ, ಬೆಚ್ಚನೆಯ ಪೆಟ್ಟಿಗೆಯಲ್ಲಿ ಅರ್ಧ ಗಂಟೆ ಇಟ್ಟರು. ಹೊರತೆಗೆದಾಗ ಮೌನಿಯದು ನೀರಿನಂತೆ ತಿಳಿಯಾಗಿತ್ತು. ಮಾವನದು ಮಾಗಿದ ಬಾಳೆಹಣ್ಣಿನ ಸಿಪ್ಪೆಯಷ್ಟು ಹಳದಿ. ಮೆಷೀನು ಕೊಟ್ಟ ಅಂಕಿ ಹಿಂದಿನದರ ನಾಲ್ಕು ಪಟ್ಟು.

ಅಕ್ಕ ಮಾಸ್ಕ್ ತೆಗೆದಳು. ಮೊದಲು ಮಾತಾಡಿದ್ದು ಮಾವ.

“ಮೇಲಿನ ಎಡಗಡೆ ಮುಂಬಲ್ಲು ಅಲ್ಲಾಡ್ತಾ ಇದೆ. ಆರು ತಿಂಗಳಾಯ್ತು. ತಾರಕಕ್ಕೆ ಹೋದ್ರೆ ನಡುಗುತ್ತೆ. ಉಸಿರು ಸಾಲ್ತಿಲ್ಲ ಅಂತ ಹೇಳಿ ಆ ಸ್ವರಗಳನ್ನ ಪಕ್ಕದವನಿಗೆ ಬಿಟ್ಟುಕೊಡ್ತಾ ಬಂದೆ.”

“ಮತ್ತೆ ಆ ಕಾಗದ ಬಂದಾಗ ಅಷ್ಟು ಮೆರೆದ್ರಲ್ಲ ಮಾವ?”

“ಮೆರೆದೆ. ಒಳಗೆ ಪ್ರಾಣ ಹೋಗಿತ್ತು ಕಣಮ್ಮ. ವಸಡು ಕೆಟ್ಟಿದೆ ಅಂತ ಮೆಷೀನು ಹೇಳಿದ್ರೆ ನೀನು ನನ್ನ ಎಳ್ಕೊಂಡು ಹೋಗ್ತೀಯ ಅಂತ ನಂಬಿಕೊಂಡಿದ್ದೆ. ಸರಿ ಇದೆ ಅಂತ ಬಂತು. ಇನ್ನು ಯಾರೂ ನನ್ನ ಬಲವಂತ ಮಾಡಲ್ಲ ಅಂತ ಅವತ್ತು ರಾತ್ರಿಯೆಲ್ಲ ಹೆದರ್ಕೊಂಡೆ. ನಾನಾಗಿ ಹೋಗೋ ಧೈರ್ಯ ನನಗಿಲ್ಲ.”

ಅಕ್ಕನಿಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ಯಾವುದನ್ನೂ ತೋರಿಸದೆ ಅವರ ತೋಳು ಹಿಡಿದು ಎಬ್ಬಿಸಿದಳು. ನೆಲಮಾಳಿಗೆಯಿಂದ ಎರಡನೇ ಮಹಡಿಗೆ ನಲವತ್ತಾರು ಮೆಟ್ಟಿಲು. ಲಿಫ್ಟಿದ್ದರೂ ಮಾವ ಬೇಡವೆಂದರು, ಮೆಟ್ಟಿಲು ಹತ್ತುತ್ತೇನೆಂದು ಮಾತು ಕೊಟ್ಟಿದ್ದರಂತೆ.

ದಂತವೈದ್ಯೆ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಾವನನ್ನು ಕುರ್ಚಿಯಲ್ಲಿ ಒರಗಿಸಿ, ದೀಪ ತಿರುಗಿಸಿ, ಒಂದೊಂದೇ ಹಲ್ಲಿನ ಬುಡ ಅಳೆದು ಬರೆಸಿದಳು. ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು ನೋಡಿದಳು. ಅಷ್ಟೂ ಹೊತ್ತು ಮಾವ ಆಕೆಯ ಕೈಯನ್ನೇ ನೋಡುತ್ತಿದ್ದರು, ಇಕ್ಕಳ ಎಲ್ಲಿಂದ ಬರುತ್ತದೋ ಎಂದು.

“ವಸಡಿನೊಳಗೆ ತುಂಬಾ ಗಲೀಜು ಸೇರಿದೆ ತಾತ. ನಾಲ್ಕೈದು ಸಲ ಬಂದು ಕ್ಲೀನ್ ಮಾಡಿಸ್ಕೋಬೇಕು. ಅಲ್ಲಾಡೋ ಹಲ್ಲನ್ನ ಪಕ್ಕದ ಹಲ್ಲುಗಳಿಗೆ ಸಣ್ಣ ತಂತಿ ಹಾಕಿ ಕಟ್ತೀನಿ. ಇನ್ನು ಆರು ತಿಂಗಳು ಬಿಟ್ಟಿದ್ರೆ ಕಷ್ಟ ಇತ್ತು. ಈಗ ಉಳಿಸ್ಬಹುದು.”

“ಏನಂದ್ರಿ?” ಎಂದರು ಮಾವ.

“ಉಳಿಸ್ಬಹುದು ಅಂದೆ. ಯಾವ ಹಲ್ಲನ್ನೂ ಕೀಳ್ಬೇಕಾಗಿಲ್ಲ.”

ಮಾವ ಕುರ್ಚಿಯಲ್ಲೇ ಅರ್ಧ ಎದ್ದು ಅಕ್ಕನ ಕಡೆ ತಿರುಗಿದರು. ಕಣ್ಣು ತುಂಬಿತ್ತು.

“ನೀನೂ ಒಂದ್ಸಲ ಹೇಳಮ್ಮ.”

“ಉಳಿಸ್ಬಹುದಂತೆ ಮಾವ” ಎಂದಳು ಅಕ್ಕ.

ಮಾವ ಮತ್ತೆ ಹಿಂದಕ್ಕೆ ಒರಗಿ, ಯಾರೂ ಹೇಳುವ ಮೊದಲೇ ಬಾಯಿ ತೆರೆದರು.